ಮನೆಯಲ್ಲೇ ಓದಿದ ಮಕ್ಕಳಿಗೆ ಅಮೆರಿಕದ ಕಾಲೇಜು ಪ್ರವೇಶ ಮತ್ತು ಸ್ಕಾಲರ್‌ಶಿಪ್: ಒಂಬತ್ತನೇ ತರಗತಿಯಿಂದ ಹಂತ ಹಂತವಾಗಿ

"ನಾನೇ ಪಾಠ ಹೇಳಿ, ನಾನೇ ಅಂಕ ಕೊಟ್ಟರೆ ಕಾಲೇಜಿನವರು ನಂಬುತ್ತಾರಾ?" ಅಮೆರಿಕದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ಕನ್ನಡ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಂಬುತ್ತಾರೆ. ಆದರೆ ನಿಮ್ಮ ಮಾತಿನ ಪಕ್ಕದಲ್ಲಿ ಹೊರಗಿನವರೊಬ್ಬರ ಮಾತೂ ಇರಬೇಕು. ಮಗಳಿಗೆ ಗಣಿತದಲ್ಲಿ ನೀವು ಎ ಕೊಟ್ಟಿದ್ದೀರಿ ಎಂದುಕೊಳ್ಳಿ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಗಣಿತದ ಅಂಕವೋ, ಕಮ್ಯುನಿಟಿ ಕಾಲೇಜಿನ, ಅಂದರೆ ಊರಿನ ಎರಡು ವರ್ಷದ ಕಾಲೇಜಿನ ಗ್ರೇಡೋ ಅದೇ ಮಾತು ಹೇಳಿದರೆ ನಿಮ್ಮ ಎ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ: ನಾಲ್ಕು ವರ್ಷ ದಾಖಲೆ ಇಡಿ, ಆ ದಾಖಲೆಗೆ ಹೊರಗಿನ ಸಾಕ್ಷಿ ಜೋಡಿಸುತ್ತ ಹೋಗಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಹಾಕೋಣ. ಹೋಮ್‌ಸ್ಕೂಲ್ ಮಕ್ಕಳು ಜಿಇಡಿ ಪರೀಕ್ಷೆ ಬರೆಯಲೇಬೇಕು ಎಂದು ಹಲವರು ಹೇಳುತ್ತಾರೆ. ಜಿಇಡಿ ಎಂದರೆ ಹೈಸ್ಕೂಲ್ ಮುಗಿಸದವರು ಅದಕ್ಕೆ ಸಮಾನವಾಗಿ ಬರೆಯುವ ಪರೀಕ್ಷೆ. ನಿಮ್ಮ ರಾಜ್ಯದ ಕಾನೂನಿನ ಪ್ರಕಾರ ಹೈಸ್ಕೂಲ್ ಮುಗಿಸಿದ ಮಗುವಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಕಾಲೇಜು ಇಲ್ಲವೇ ರಾಜ್ಯ ಸ್ಪಷ್ಟವಾಗಿ ಕೇಳಿದರೆ ಮಾತ್ರ ಅದರ ಯೋಚನೆ ಮಾಡಿ.

1. ರಾಜ್ಯದ ಕಾನೂನನ್ನು ಒಂಬತ್ತನೇ ತರಗತಿಗೆ ಮೊದಲೇ ಓದಿ

ಹೋಮ್‌ಸ್ಕೂಲಿಂಗ್ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ, ಆದರೆ ನಿಯಮ ಎಲ್ಲೂ ಒಂದೇ ಅಲ್ಲ. ಟೆಕ್ಸಾಸ್‌ನಲ್ಲಿ ಯಾರಿಗೂ ವರದಿ ಒಪ್ಪಿಸಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆಯನ್ನೇ ಖಾಸಗಿ ಶಾಲೆಯಾಗಿ ನಡೆಸುವವರು ಪ್ರತಿವರ್ಷ ಅಕ್ಟೋಬರ್ 1ರಿಂದ 15ರೊಳಗೆ ಅಫಿಡವಿಟ್ ಸಲ್ಲಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ಪ್ರತಿವರ್ಷ ಪೋರ್ಟ್‌ಫೋಲಿಯೊ, ಅಂದರೆ ಮಗು ಮಾಡಿದ ಕೆಲಸದ ಕಡತ ಸಿದ್ಧಪಡಿಸಿ ಅರ್ಹ ಮೌಲ್ಯಮಾಪಕರಿಗೆ ತೋರಿಸಬೇಕು. ನ್ಯೂಯಾರ್ಕ್‌ನಲ್ಲಿ ವರ್ಷದ ಯೋಜನೆಯ ಜೊತೆಗೆ ಮೂರು ತಿಂಗಳಿಗೊಮ್ಮೆ ವರದಿಯೂ ಹೋಗಬೇಕು. ಅಲ್ಲಿ ಪೋಷಕರು ಕೊಡುವ ಹೈಸ್ಕೂಲ್ ಡಿಪ್ಲೊಮಾಕ್ಕೆ ರಾಜ್ಯದ ಮಾನ್ಯತೆ ಇಲ್ಲ. ಹಾಗಾಗಿ ಸ್ಥಳೀಯ ಶಾಲಾ ಜಿಲ್ಲೆಯ ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಂದ ಸಮಾನ ಶಿಕ್ಷಣದ ಪತ್ರ ಪಡೆಯುವಂಥ ಬೇರೆ ದಾರಿಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಇದು ಬರೀ ಕಾಗದದ ಕೆಲಸ ಎಂದು ಮುಂದೂಡಬೇಡಿ. ಸರ್ಕಾರಿ ನೆರವಿಗೂ ಹಲವು ರಾಜ್ಯಗಳ ಸ್ಕಾಲರ್‌ಶಿಪ್‌ಗೂ "ರಾಜ್ಯದ ಕಾನೂನಿನಂತೆ ಓದಿದ್ದಾರೆ" ಎಂಬುದೇ ಆಧಾರ. ಫ್ಲೋರಿಡಾದ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್‌ಗೆ ಮನೆಯಲ್ಲಿ ಓದಿದ ಮಗು ಜಿಲ್ಲೆಯ ಶಿಕ್ಷಣ ಕಚೇರಿಯಲ್ಲಿ ಹೋಮ್ ಎಜುಕೇಷನ್ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡಿರಬೇಕು. ಹನ್ನೆರಡನೇ ತರಗತಿಗೆ ಬಂದಮೇಲೆ ಹಿಂದಿನ ವರ್ಷಗಳ ನೋಂದಣಿ ಮಾಡಿಸಲು ಆಗುವುದಿಲ್ಲ. ಸಲ್ಲಿಸಿದ ಪ್ರತಿಯೊಂದು ಪತ್ರದ ಪ್ರತಿಯನ್ನೂ ಕಚೇರಿಯಿಂದ ಬಂದ ಉತ್ತರವನ್ನೂ ಒಂದೇ ಫೈಲಿನಲ್ಲಿ ಇಡಿ.

2. ಟ್ರಾನ್ಸ್‌ಕ್ರಿಪ್ಟ್: ನಾಲ್ಕು ವರ್ಷ, ಒಂದೇ ಪುಟ

ಟ್ರಾನ್ಸ್‌ಕ್ರಿಪ್ಟ್ ಎಂದರೆ ಓದಿದ ವಿಷಯ, ಕ್ರೆಡಿಟ್, ಗ್ರೇಡ್‌ಗಳ ಅಧಿಕೃತ ಪಟ್ಟಿ. ಹೋಮ್‌ಸ್ಕೂಲ್‌ನಲ್ಲಿ ಅದನ್ನು ಸಿದ್ಧಪಡಿಸಿ ಸಹಿ ಹಾಕುವವರು ನೀವೇ. ಮೇಲ್ಭಾಗದಲ್ಲಿ ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನ, ವಿಳಾಸ, ನಿಮ್ಮ ಹೋಮ್‌ಸ್ಕೂಲ್‌ನ ಹೆಸರು, ಹೈಸ್ಕೂಲ್ ಮುಗಿಯುವ ದಿನಾಂಕ ಬರಲಿ. ಮಧ್ಯದಲ್ಲಿ ವರ್ಷವಾರು ವಿಷಯಗಳು. ಕೆಳಗೆ ಗ್ರೇಡ್ ಕೊಡುವ ಕ್ರಮ, ಒಟ್ಟು ಕ್ರೆಡಿಟ್, ಜಿಪಿಎ, ಸಹಿ, ತಾರೀಕು. ನೋಟರಿ ಸಹಿಯನ್ನು ಕೇಳುವ ಕಾಲೇಜುಗಳೂ ಇವೆ, ಒಂದು ಪ್ರತಿಗೆ ಹಾಕಿಸಿಟ್ಟುಕೊಂಡರೆ ಒಳ್ಳೆಯದು.

ಕ್ರೆಡಿಟ್ ಲೆಕ್ಕ ಹೀಗೆ: ಸುಮಾರು 120ರಿಂದ 180 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ಅದರ ಅರ್ಧಕ್ಕೆ ಅರ್ಧ. ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಂತೆ ಶಾಲಾ ವರ್ಷವಿಡೀ ಓದಿದ ವಿಷಯ ಒಂದು ಕ್ರೆಡಿಟ್ ಆಗುತ್ತದೆ. ಪ್ರಮಾಣಿತ ಪಠ್ಯಪುಸ್ತಕವೊಂದನ್ನು ಬಹುಪಾಲು ಮುಗಿಸಿದರೂ ಅಷ್ಟೇ. ಕಮ್ಯುನಿಟಿ ಕಾಲೇಜಿನ ಒಂದು ಸೆಮಿಸ್ಟರ್‌ನ ಮೂರು ಕ್ರೆಡಿಟ್ ಕೋರ್ಸನ್ನು ಹೈಸ್ಕೂಲ್ ಪಟ್ಟಿಯಲ್ಲಿ ಒಂದು ಕ್ರೆಡಿಟ್ ಎಂದು ಬರೆಯುವುದು ರೂಢಿ.

ಜಿಪಿಎ ಎಂದರೆ ಕ್ರೆಡಿಟ್ ತೂಕ ಸೇರಿಸಿ ತೆಗೆದ ಸರಾಸರಿ. ಎ ಗ್ರೇಡಿಗೆ 4, ಬಿಗೆ 3, ಸಿಗೆ 2. ಒಂದು ವರ್ಷದ ಲೆಕ್ಕವನ್ನೇ ನೋಡಿ: ಇಂಗ್ಲಿಷ್ ಎ, ಜ್ಯಾಮಿತಿ ಬಿ, ಜೀವಶಾಸ್ತ್ರ ಎ, ವಿಶ್ವ ಇತಿಹಾಸ ಎ, ಕನ್ನಡ ಎ, ಇವು ತಲಾ ಒಂದು ಕ್ರೆಡಿಟ್. ಆರೋಗ್ಯ ಶಿಕ್ಷಣ ಬಿ, ಅರ್ಧ ಕ್ರೆಡಿಟ್. ಒಟ್ಟು ಅಂಕ 4+3+4+4+4+1.5, ಅಂದರೆ 20.5. ಇದನ್ನು 5.5 ಕ್ರೆಡಿಟ್‌ನಿಂದ ಭಾಗಿಸಿದರೆ 3.73. ಅರ್ಧ ಕ್ರೆಡಿಟ್‌ನ ವಿಷಯವನ್ನು ಪೂರ್ತಿ ಎಂದು ಲೆಕ್ಕ ಹಾಕುವುದು ಇಲ್ಲಿ ಆಗಾಗ ಆಗುವ ತಪ್ಪು. ಕಠಿಣ ಕೋರ್ಸುಗಳಿಗೆ ಹೆಚ್ಚುವರಿ ಅಂಕ ಸೇರಿಸುವ ತೂಕದ ಜಿಪಿಎ ಕೊಡುವುದಾದರೆ ತೂಕವಿಲ್ಲದ್ದನ್ನೂ ಪಕ್ಕದಲ್ಲೇ ಕೊಡಿ.

ಯಾವ ವಿಷಯ ಎಷ್ಟು ವರ್ಷ? ಅರ್ಜಿ ಹಾಕಿದವರಲ್ಲಿ ಕೆಲವರನ್ನಷ್ಟೇ ಆಯ್ದು ತೆಗೆದುಕೊಳ್ಳುವ ಕಾಲೇಜುಗಳಿಗೆ ಇಂಗ್ಲಿಷ್ ನಾಲ್ಕು, ಗಣಿತ ನಾಲ್ಕು, ಪ್ರಯೋಗ ಸಹಿತ ವಿಜ್ಞಾನ ಮೂರು, ಸಮಾಜ ವಿಜ್ಞಾನ ಮೂರು, ಬೇರೆ ಭಾಷೆ ಕನಿಷ್ಠ ಎರಡು ವರ್ಷ ಎಂದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಎ-ಜಿ ಎಂಬ ಪಟ್ಟಿಯ 15 ಕೋರ್ಸ್ ಬೇಕು, ಮನೆಯಲ್ಲಿ ಕಲಿಸಿದ ಕೋರ್ಸುಗಳು ಸಾಮಾನ್ಯವಾಗಿ ಆ ಪಟ್ಟಿಗೆ ಸೇರುವುದಿಲ್ಲ. ಅಲ್ಲಿಗೆ ಹೋಗುವ ಆಸೆ ಇದ್ದರೆ ಕಮ್ಯುನಿಟಿ ಕಾಲೇಜಿನ ಕೋರ್ಸು ಮತ್ತು ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳ ಮೂಲಕ ಅದನ್ನು ತುಂಬುವ ಯೋಜನೆ ಒಂಬತ್ತರಲ್ಲೇ ಆಗಬೇಕು. ಅಲ್ಲಿ ಎಸ್‌ಎಟಿ ಅಂಕವನ್ನು ಪ್ರವೇಶಕ್ಕೆ ನೋಡುವುದೇ ಇಲ್ಲ ಎಂಬುದೂ ಗೊತ್ತಿರಲಿ.

ಮನೆಯಲ್ಲಿ ಕಲಿಸಿದ ಕನ್ನಡವನ್ನು ಭಾಷೆಯ ಕ್ರೆಡಿಟ್ ಆಗಿ ಹಾಕಬಹುದಾ? ಹಾಕಬಹುದು. ಆದರೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೋರ್ಸ್ ಆಗುವುದಿಲ್ಲ. ಓದು, ಬರಹ, ವ್ಯಾಕರಣ, ಸಾಹಿತ್ಯ ಇರುವ ಪಾಠಕ್ರಮ ಬೇಕು, ಗಂಟೆಗಳ ಲೆಕ್ಕ ಬೇಕು. ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲ. ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಎಂಬ ಭಾಷಾ ಪರೀಕ್ಷೆ ಕನ್ನಡದಲ್ಲಿ ಸಿಗುತ್ತದೆ. ಓದು, ಬರಹ, ಮಾತು, ಆಲಿಕೆ ನಾಲ್ಕನ್ನೂ ಅದು ಅಳೆಯುತ್ತದೆ. ನೀವು ಕೊಟ್ಟ ಗ್ರೇಡಿಗೆ ಇದಕ್ಕಿಂತ ಒಳ್ಳೆಯ ಹೊರಗಿನ ಸಾಕ್ಷಿ ಕನ್ನಡಕ್ಕೆ ಸಿಗುವುದು ಕಷ್ಟ.

3. ಕೋರ್ಸ್ ವಿವರಣೆಯನ್ನು ವರ್ಷದ ಕೊನೆಗೇ ಬರೆದಿಡಿ

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ "ಜೀವಶಾಸ್ತ್ರ" ಎಂದು ಒಂದೇ ಪದ ಇರುತ್ತದೆ. ಅದರ ಹಿಂದೆ ಏನು ನಡೆಯಿತು ಎಂದು ಹೇಳುವುದು ಕೋರ್ಸ್ ವಿವರಣೆ. ಪ್ರತಿ ವಿಷಯಕ್ಕೂ ಐದಾರು ಸಾಲು ಸಾಕು. ನೀವು ಇಂಗ್ಲಿಷಿನಲ್ಲಿ ಬರೆಯಬೇಕಾದದ್ದರ ಧಾಟಿ ಹೀಗಿರಲಿ:

"ಪ್ರಯೋಗ ಸಹಿತ ಜೀವಶಾಸ್ತ್ರ, 1 ಕ್ರೆಡಿಟ್. ಜೀವಕೋಶ, ತಳಿಶಾಸ್ತ್ರ, ವಿಕಾಸ, ಪರಿಸರ ವ್ಯವಸ್ಥೆ. 18 ಪ್ರಯೋಗಗಳು, ಪ್ರತಿಯೊಂದಕ್ಕೂ ಲಿಖಿತ ವರದಿ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಿದ್ದು ಅವುಗಳಲ್ಲಿ ಒಂದು. ಗ್ರೇಡ್: ಅಧ್ಯಾಯ ಪರೀಕ್ಷೆ 50%, ಪ್ರಯೋಗ ವರದಿ 30%, ಅಂತಿಮ ಪರೀಕ್ಷೆ 20%."

ಬಳಸಿದ ಪುಸ್ತಕದ ಹೆಸರು, ಆವೃತ್ತಿ ಮತ್ತು ಆನ್‌ಲೈನ್ ತರಗತಿಯಾದರೆ ಪಾಠ ಹೇಳಿದವರ ವಿವರವನ್ನೂ ಸೇರಿಸಿ. ಇದನ್ನು ಪ್ರತಿ ಜೂನ್‌ನಲ್ಲಿ ಬರೆದರೆ ಒಂದು ವಾರಾಂತ್ಯದ ಕೆಲಸ. ನಾಲ್ಕು ವರ್ಷದ್ದನ್ನು ಒಟ್ಟಿಗೆ ಬರೆಯಲು ಹೋದರೆ ಒಂಬತ್ತನೇ ತರಗತಿಯಲ್ಲಿ ಯಾವ ಪುಸ್ತಕ ಓದಿಸಿದ್ದು ಎಂಬುದೇ ನೆನಪಿಗೆ ಬರುವುದಿಲ್ಲ. ಹೋಮ್‌ಸ್ಕೂಲ್ ಕುಟುಂಬಗಳು ಹೆಚ್ಚು ಒದ್ದಾಡುವುದು ಇಲ್ಲೇ. ಒಳ್ಳೆಯ ಎರಡು ಪ್ರಬಂಧ, ಒಂದು ಪ್ರಯೋಗ ವರದಿ, ಒಂದು ಗಣಿತ ಪರೀಕ್ಷೆಯ ಹಾಳೆಯನ್ನು ಪ್ರತಿ ವರ್ಷ ಸ್ಕ್ಯಾನ್ ಮಾಡಿಡಿ. ಮಾದರಿ ಕೆಲಸ ಕೇಳುವ ಕಾಲೇಜುಗಳಿವೆ.

4. ಹೊರಗಿನ ಸಾಕ್ಷಿ

ಪಿಎಸ್‌ಎಟಿ. ಹನ್ನೊಂದನೇ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಈ ಪರೀಕ್ಷೆಯೇ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ನ ಬಾಗಿಲು. ಹೋಮ್‌ಸ್ಕೂಲ್ ಮಕ್ಕಳಿಗೂ ಅದು ತೆರೆದಿದೆ. ಆದರೆ ಇದಕ್ಕೆ ಎಸ್‌ಎಟಿಯಂತೆ ನೀವೇ ಆನ್‌ಲೈನ್‌ನಲ್ಲಿ ಹೆಸರು ಕೊಡಲು ಆಗುವುದಿಲ್ಲ. ಹತ್ತಿರದ ಶಾಲೆಯೊಂದು ಹೊರಗಿನ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಲು ಒಪ್ಪಬೇಕು. ಬೇಸಿಗೆ ರಜೆಗೆ ಮುಂಚೆಯೇ ಮೂರು ನಾಲ್ಕು ಶಾಲೆಗಳ ಕೌನ್ಸೆಲರ್‌ಗಳಿಗೆ, ಅಂದರೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವವರಿಗೆ ಬರೆಯಿರಿ. ಹತ್ತನೇ ತರಗತಿಯವರಿಗೆಂದು ವಸಂತದಲ್ಲಿ ನಡೆಯುವ ಪಿಎಸ್‌ಎಟಿ 10 ಪರೀಕ್ಷೆ ನ್ಯಾಷನಲ್ ಮೆರಿಟ್‌ಗೆ ಲೆಕ್ಕಕ್ಕಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಅವಕಾಶ ಕಳೆದುಕೊಳ್ಳಬೇಡಿ.

ಎಸ್‌ಎಟಿ ಅಥವಾ ಎಸಿಟಿ. ಎರಡೂ ಕಾಲೇಜು ಪ್ರವೇಶದ ಪರೀಕ್ಷೆಗಳೇ. ಎಸ್‌ಎಟಿ ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಪೂರ್ತಿ ಡಿಜಿಟಲ್: 2 ಗಂಟೆ 14 ನಿಮಿಷ, 1600 ಅಂಕ. ಅಂಕ ಕಡ್ಡಾಯವಲ್ಲ ಎನ್ನುವ ಕಾಲೇಜುಗಳು ಈಗಲೂ ಬಹಳ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಪರೀಕ್ಷೆಯ ಅಂಕ ಮತ್ತೆ ಬೇಕು ಎಂದವು. ಐಚ್ಛಿಕ ಎಂದು ಬರೆದಿದ್ದರೂ ಮನೆಯಲ್ಲಿ ಓದಿದ ಮಗು ಒಳ್ಳೆಯ ಅಂಕ ಇದ್ದರೆ ಕಳಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪರೀಕ್ಷೆಯ ದಿನ ಫೋಟೊ ಗುರುತಿನ ಚೀಟಿ ಬೇಕು. ಶಾಲೆಯ ಐಡಿ ನಿಮ್ಮ ಮಗುವಿನ ಹತ್ತಿರ ಇರುವುದಿಲ್ಲವಲ್ಲ, ಪಾಸ್‌ಪೋರ್ಟ್ ಅವಧಿ ಮುಗಿದಿಲ್ಲವೇ ಎಂದು ತಿಂಗಳ ಮುಂಚೆಯೇ ನೋಡಿ. ಪಾಸ್‌ಪೋರ್ಟೂ ಇಲ್ಲ, ಡ್ರೈವಿಂಗ್ ಲೈಸೆನ್ಸೂ ಇಲ್ಲ ಎಂದರೆ ಎಸ್‌ಎಟಿ, ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ ಸಂಸ್ಥೆಯ ವಿದ್ಯಾರ್ಥಿ ಗುರುತಿನ ನಮೂನೆಗೆ ನೋಟರಿ ಸಹಿ ಹಾಕಿಸಬೇಕಾಗುತ್ತದೆ.

ಎಪಿ. ಕಾಲೇಜು ಮಟ್ಟದ ವಿಷಯಗಳ ಈ ಪರೀಕ್ಷೆಗಳು ಮೇ ತಿಂಗಳಲ್ಲಿ ನಡೆಯುತ್ತವೆ. ಆದರೆ ಪ್ರಶ್ನೆಪತ್ರಿಕೆಗೆ ಶಾಲೆಗಳು ಹಿಂದಿನ ನವೆಂಬರ್ ಮಧ್ಯದೊಳಗೇ ಬೇಡಿಕೆ ಸಲ್ಲಿಸುತ್ತವೆ. ಜನವರಿಯಲ್ಲಿ ಫೋನ್ ಮಾಡಿದರೆ "ಮುಗಿದುಹೋಯಿತು" ಎಂಬ ಉತ್ತರ ಸಿಗಬಹುದು, ಹಾಗಾಗಿ ಆಗಸ್ಟ್‌ನಿಂದಲೇ ಶಾಲೆ ಹುಡುಕಿ. ಇನ್ನೊಂದು ಎಚ್ಚರ: ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೋರ್ಸಿನ ಹೆಸರಿನ ಮುಂದೆ ಎಪಿ ಎಂದು ಬರೆಯಲು ಕಾಲೇಜ್ ಬೋರ್ಡ್ ಆ ಪಾಠಕ್ರಮವನ್ನು ಒಪ್ಪಿರಬೇಕು. ಪೋಷಕರೂ ಪಾಠಕ್ರಮ ಸಲ್ಲಿಸಿ ಒಪ್ಪಿಗೆ ಪಡೆಯಬಹುದು. ಒಪ್ಪಿಗೆ ಇಲ್ಲದಿದ್ದರೆ "ಉನ್ನತ ರಸಾಯನಶಾಸ್ತ್ರ" ಎಂದು ಬರೆದು ಎಪಿ ಅಂಕವನ್ನು ಬೇರೆಯಾಗಿ ತೋರಿಸಿ.

ಡ್ಯೂಯೆಲ್ ಎನ್‌ರೋಲ್‌ಮೆಂಟ್. ಹೈಸ್ಕೂಲ್ ವಯಸ್ಸಿನಲ್ಲೇ ಕಮ್ಯುನಿಟಿ ಕಾಲೇಜಿನ ಕೋರ್ಸ್ ತೆಗೆದುಕೊಳ್ಳುವುದಕ್ಕೆ ಈ ಹೆಸರು. ಒಂದೇ ಕೋರ್ಸಿನಿಂದ ಗ್ರೇಡ್, ಕ್ರೆಡಿಟ್, ಶಿಫಾರಸು ಬರೆಯಬಲ್ಲ ಅಧ್ಯಾಪಕರು ಮೂರೂ ಸಿಗುವುದರಿಂದ ಹೋಮ್‌ಸ್ಕೂಲ್ ಮಕ್ಕಳಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಆದರೆ ಅಲ್ಲಿನ ಗ್ರೇಡ್ ಶಾಶ್ವತ. ಹದಿನೈದರಲ್ಲಿ ಬಂದ ಸಿ ಗ್ರೇಡ್ ಮುಂದೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗಲೂ ಜೊತೆಗೆ ಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಕೋರ್ಸ್, ಅದೂ ಮಗುವಿಗೆ ಗಟ್ಟಿಯಾಗಿ ಬರುವ ವಿಷಯದ್ದು ಇರಲಿ. ಕೈಮೀರುತ್ತಿದೆ ಎನಿಸಿದರೆ ಕಾಲೇಜಿನ ಕ್ಯಾಲೆಂಡರ್‌ನಲ್ಲಿರುವ ಡ್ರಾಪ್ ದಿನಾಂಕದೊಳಗೆ ಬಿಟ್ಟುಬಿಡಿ. ತರಗತಿಗೆ ಹೋಗುವುದನ್ನು ಸುಮ್ಮನೆ ನಿಲ್ಲಿಸಿದರೆ ದಾಖಲೆಗೆ ಎಫ್ ಬೀಳುತ್ತದೆ.

5. ಶಿಫಾರಸು ಪತ್ರಗಳು

ಅಧ್ಯಾಪಕರ ಶಿಫಾರಸನ್ನು ತಂದೆ ತಾಯಿ ಬರೆಯುವಂತಿಲ್ಲ, ಬರೆದರೂ ಅದಕ್ಕೆ ತೂಕ ಇರುವುದಿಲ್ಲ. ಕಮ್ಯುನಿಟಿ ಕಾಲೇಜಿನ ಪ್ರಾಧ್ಯಾಪಕರು, ಆನ್‌ಲೈನ್ ತರಗತಿಯ ಶಿಕ್ಷಕರು, ಸಂಗೀತ ಗುರುಗಳು, ಸ್ವಯಂಸೇವೆ ಮಾಡಿದ ಕಡೆಯ ಮೇಲ್ವಿಚಾರಕರು ಬರೆಯಬಹುದು. ಕನಿಷ್ಠ ಇಬ್ಬರು ಪಾಠದ ವಿಷಯ ಕಲಿಸಿದವರಾಗಿರಲಿ. ಹನ್ನೊಂದರ ವಸಂತದಲ್ಲೇ ಮಗುವೇ ಹೋಗಿ ಕೇಳಬೇಕು. ಕೇಳುವಾಗ ತಾನು ಮಾಡಿದ ಕೆಲಸದ ಒಂದು ಪುಟದ ಪಟ್ಟಿ ಕೊಟ್ಟರೆ ಪತ್ರದಲ್ಲಿ ನಿರ್ದಿಷ್ಟ ಸಂಗತಿಗಳು ಬರುತ್ತವೆ.

6. ಕಾಮನ್ ಆ್ಯಪ್‌ನಲ್ಲಿ ನಿಮಗೆ ಎರಡು ಪಾತ್ರ: ಪೋಷಕರು, ಕೌನ್ಸೆಲರ್

ಕಾಮನ್ ಆ್ಯಪ್ ಎಂದರೆ ನೂರಾರು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ತಾಣ. ಪ್ರತಿವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಶಾಲೆಯ ಕಾಲಂನಲ್ಲಿ ಮಗು ಹೋಮ್‌ಸ್ಕೂಲ್ ಎಂದು ಆಯ್ದುಕೊಂಡು, ಕೌನ್ಸೆಲರ್ ಎಂದು ನಿಮ್ಮನ್ನು ಸೇರಿಸಬೇಕು. ಮಗುವಿನ ಇಮೇಲ್ ಬೇರೆ, ನಿಮ್ಮದು ಬೇರೆ ಇರಲೇಬೇಕು. ನಿಮ್ಮ ಕೌನ್ಸೆಲರ್ ಖಾತೆಯಿಂದ ಹೋಗಬೇಕಾದದ್ದು ಇಷ್ಟು: ಸ್ಕೂಲ್ ರಿಪೋರ್ಟ್, ಟ್ರಾನ್ಸ್‌ಕ್ರಿಪ್ಟ್, ಸ್ಕೂಲ್ ಪ್ರೊಫೈಲ್, ಕೌನ್ಸೆಲರ್ ಪತ್ರ. ಮೊದಲ ಅರ್ಧವರ್ಷದ ಗ್ರೇಡ್ ಬಂದಮೇಲೆ ಮಿಡ್ ಇಯರ್ ರಿಪೋರ್ಟ್, ಕೊನೆಗೆ ಫೈನಲ್ ರಿಪೋರ್ಟ್. ಕೋರ್ಸ್ ವಿವರಣೆಗಳನ್ನೂ ಇದೇ ಖಾತೆಯಿಂದ ಪ್ರೊಫೈಲ್‌ಗೆ ಜೋಡಿಸಿ ಕಳಿಸಬಹುದು. ತರಗತಿಯಲ್ಲಿ ಎಷ್ಟನೇ ಸ್ಥಾನ ಎಂಬ ಪ್ರಶ್ನೆಗೆ ಸ್ಥಾನ ಕೊಡುವುದಿಲ್ಲ ಎಂದು ಗುರುತು ಮಾಡಿ. ಒಬ್ಬರೇ ಇರುವ ತರಗತಿಯಲ್ಲಿ ಮೊದಲ ಸ್ಥಾನ ಎಂದು ಬರೆಯಬೇಡಿ.

ಸ್ಕೂಲ್ ಪ್ರೊಫೈಲ್ ಒಂದೆರಡು ಪುಟದ ಪರಿಚಯ: ಯಾಕೆ ಮನೆಯಲ್ಲಿ ಓದಿಸಿದಿರಿ, ಯಾವ ರಾಜ್ಯದ ಯಾವ ಕಾನೂನಿನಡಿ, ಗ್ರೇಡ್ ಹೇಗೆ ಕೊಟ್ಟಿರಿ, ಯಾವ ಕೋರ್ಸು ಹೊರಗೆ ಆಯಿತು. ಕೌನ್ಸೆಲರ್ ಪತ್ರ ಬರೆಯುವಾಗ ತಾಯ್ತನದ ಪ್ರೀತಿ ಪೆನ್ನಿಗೆ ಇಳಿಯುವುದು ಸಹಜ. ಆದರೂ "ತುಂಬಾ ಜಾಣ, ಶ್ರಮಜೀವಿ" ಎಂಬ ಸಾಲುಗಳನ್ನು ಹೊಡೆದುಹಾಕಿ. "ಕ್ಯಾಲ್ಕುಲಸ್‌ನಲ್ಲಿ ಆರು ವಾರ ಹಿಂದೆ ಬಿದ್ದಾಗ ತಾನೇ ವೇಳಾಪಟ್ಟಿ ಬದಲಿಸಿ ಬೆಳಗಿನ ಆರಕ್ಕೆ ಕೂತು ಮುಗಿಸಿದಳು" ಎಂಬಂಥ, ನಿಮಗಷ್ಟೇ ಗೊತ್ತಿರುವ, ನಿಜವಾಗಿ ನಡೆದ ಸಂಗತಿ ಬರೆಯಿರಿ.

ಚಟುವಟಿಕೆಗಳಿಗೆ ಹತ್ತು ಜಾಗ ಇವೆ, ವಿವರಣೆ ತಲಾ 150 ಅಕ್ಷರದೊಳಗೆ. "ಗ್ರಂಥಾಲಯದಲ್ಲಿ ಸಹಾಯ" ಎನ್ನುವುದಕ್ಕಿಂತ "ವಾರಕ್ಕೆ 3 ಗಂಟೆ, 2 ವರ್ಷ, 12 ಮಕ್ಕಳಿಗೆ ಓದು ಕಲಿಸಿದ್ದು" ಎಂಬುದು ಹೆಚ್ಚು ಹೇಳುತ್ತದೆ. ಮುಖ್ಯ ಪ್ರಬಂಧಕ್ಕೆ 650 ಪದದ ಮಿತಿ. ಹೋಮ್‌ಸ್ಕೂಲಿಂಗ್ ಬಗ್ಗೆಯೇ ಬರೆಯಬೇಕೆಂದಿಲ್ಲ, ಆ ಕೆಲಸವನ್ನು ನಿಮ್ಮ ಪ್ರೊಫೈಲ್ ಮಾಡಿರುತ್ತದೆ.

7. ಹಣದ ಅರ್ಜಿಗಳು

ಮೊದಲು ಪ್ರತಿ ಕಾಲೇಜಿನ ತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆರೆದು ನಿಮ್ಮ ಆದಾಯ ಹಾಕಿ ನೋಡಿ. ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಎಂಬ ಅಂದಾಜು ಸಿಗುತ್ತದೆ. ಇದನ್ನು ಅರ್ಜಿಗೆ ಮುಂಚೆಯೇ ಮಾಡಿ.

ಫಾಫ್ಸಾ ಎಂಬುದು ಕೇಂದ್ರ ಸರ್ಕಾರದ ನೆರವಿನ ಅರ್ಜಿ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಶುಲ್ಕ ಇಲ್ಲ. ವಿದ್ಯಾರ್ಥಿಗೂ ಪೋಷಕರಿಗೂ ಬೇರೆ ಬೇರೆ ಖಾತೆ ಬೇಕು. ಹೈಸ್ಕೂಲ್ ಹೇಗೆ ಮುಗಿಯಿತು ಎಂಬಲ್ಲಿ ಹೋಮ್‌ಸ್ಕೂಲ್ ಎಂದೇ ಆರಿಸಿ. ತಪ್ಪಿ ಜಿಇಡಿ ಎಂದು ಒತ್ತಿದರೆ ಇಲ್ಲದ ಪ್ರಮಾಣಪತ್ರ ಕೇಳುತ್ತಾರೆ. ಎರಡು ವರ್ಷ ಹಿಂದಿನ ತೆರಿಗೆ ವಿವರ ಲೆಕ್ಕಕ್ಕೆ ಬರುತ್ತದೆ: 2026ರ ಶರತ್ಕಾಲದಲ್ಲಿ ಕಾಲೇಜು ಸೇರುವವರಿಗೆ 2024ರದ್ದು. ಕಡಿಮೆ ಆದಾಯದ ಕುಟುಂಬಗಳಿಗೆ ಸಿಗುವ, ಮರಳಿಸಬೇಕಿಲ್ಲದ ಪೆಲ್ ಗ್ರಾಂಟ್ 2025–26ಕ್ಕೆ ಗರಿಷ್ಠ 7,395 ಡಾಲರ್. ಕೆಲವು ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೂ ವಿವರವಾದ ಅರ್ಜಿಯನ್ನೂ ಕೇಳುತ್ತವೆ.

ಉದ್ಯೋಗ ವೀಸಾದಲ್ಲಿರುವವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದ ಮಕ್ಕಳಿಗೆ ಫಾಫ್ಸಾ ಮೂಲಕ ನೆರವು ಇಲ್ಲ. ಅದಕ್ಕೆ ಪೌರತ್ವ, ಗ್ರೀನ್ ಕಾರ್ಡ್ ಅಥವಾ ಕಾನೂನು ಹೇಳಿರುವ ಬೇರೆ ಅರ್ಹ ಸ್ಥಾನ ಬೇಕು. ಇಂಥ ಮಕ್ಕಳ ಪೋಷಕರು ಪ್ರತಿ ಕಾಲೇಜಿಗೂ ಎರಡು ಪ್ರಶ್ನೆ ಬರೆದು ಕೇಳಿ: ಎಚ್-4ರವರಿಗೆ ಆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ಅನ್ವಯಿಸುತ್ತದೆಯೇ? ಕಾಲೇಜಿನದೇ ಮೆರಿಟ್ ಸ್ಕಾಲರ್‌ಶಿಪ್‌ಗೆ ಅವರು ಅರ್ಹರೇ? ಮಗುವಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ, ಓದಿನ ನಡುವೆಯೇ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕಾಗಬಹುದು. ಆಗ ಶುಲ್ಕ ಬದಲಾಗುತ್ತದೆಯೇ ಎಂದೂ ಈಗಲೇ ಕೇಳಿಡಿ.

8. ಸ್ಕಾಲರ್‌ಶಿಪ್ ಎಲ್ಲಿ ಹುಡುಕಬೇಕು

ದೊಡ್ಡ ಮೊತ್ತ ಸಿಗುವುದು ಹೆಚ್ಚಾಗಿ ಕಾಲೇಜಿನಿಂದಲೇ. ಮೊದಲ ಸಮಯ ಅಲ್ಲಿಗೆ ಕೊಡಿ. ಕೆಲವು ಕಾಲೇಜುಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್‌ನ ಕೊನೆಯ ದಿನ ಪ್ರವೇಶದ ಕೊನೆಯ ದಿನಕ್ಕಿಂತ ಮುಂಚೆ ಇರುತ್ತದೆ. ಆಮೇಲೆ ರಾಜ್ಯದ್ದು: ಟೆನ್ನೆಸಿ, ಜಾರ್ಜಿಯಾದಂಥ ರಾಜ್ಯಗಳ ಹೋಪ್ ಸ್ಕಾಲರ್‌ಶಿಪ್‌ಗಳಲ್ಲಿ ಹೋಮ್‌ಸ್ಕೂಲ್ ಮಕ್ಕಳಿಗೆ ಬೇರೆ ನಿಯಮವೇ ಇದ್ದು, ಜಿಪಿಎ ಬದಲು ಪರೀಕ್ಷೆಯ ಅಂಕದ ಮೇಲೆ ನಿರ್ಧಾರ ಆಗಬಹುದು. ಊರಿನ ಗ್ರಂಥಾಲಯ, ಬ್ಯಾಂಕು, ರೋಟರಿಯಂಥ ಸಂಘಗಳು ಕೊಡುವ 500, 1,000 ಡಾಲರ್‌ಗಳಿಗೆ ಸ್ಪರ್ಧಿಗಳು ಕಡಿಮೆ. ಆದರೆ ಇವುಗಳ ಸುದ್ದಿ ಶಾಲೆಯ ಕಚೇರಿಗೆ ಬರುತ್ತದೆ, ನಿಮ್ಮ ಮನೆಗೆ ಬರುವುದಿಲ್ಲ. ಹತ್ತಿರದ ಹೈಸ್ಕೂಲಿನ ತಾಣದಲ್ಲಿ ಆ ಪಟ್ಟಿ ನೋಡಿಕೊಳ್ಳಿ. ರಾಷ್ಟ್ರ ಮಟ್ಟದಲ್ಲಿ ಕೋಕಾ-ಕೋಲಾ ಸ್ಕಾಲರ್ಸ್ ವರ್ಷಕ್ಕೆ 150 ಮಂದಿಗೆ ತಲಾ 20,000 ಡಾಲರ್ ಕೊಡುತ್ತದೆ, ಅರ್ಜಿ ಹನ್ನೆರಡನೇ ತರಗತಿಯ ಶುರುವಿನಲ್ಲೇ ಮುಗಿಯುತ್ತದೆ.

ಸ್ಕಾಲರ್‌ಶಿಪ್ ಕೊಡಿಸಲು ಮುಂಗಡ ಶುಲ್ಕ ಕೇಳುವವರಿಗೆ ಒಂದು ಡಾಲರನ್ನೂ ಕೊಡಬೇಡಿ. ಹೊರಗಿನ ಸ್ಕಾಲರ್‌ಶಿಪ್ ಬಂದರೆ ಕಾಲೇಜು ತನ್ನ ನೆರವಿನಲ್ಲಿ ಅಷ್ಟನ್ನು ಕಡಿತ ಮಾಡುತ್ತದೆಯೇ ಎಂದೂ ಕೇಳಿ. ಕೆಲವರು ಮೊದಲು ಸಾಲದ ಭಾಗ ಇಳಿಸುತ್ತಾರೆ, ಕೆಲವರು ಗ್ರಾಂಟನ್ನೇ ಇಳಿಸುತ್ತಾರೆ.

ಕ್ರೀಡಾ ಸ್ಕಾಲರ್‌ಶಿಪ್ ಕನಸಿದ್ದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ 16 ಮೂಲ ಕೋರ್ಸ್ ಕೇಳುತ್ತದೆ, ಮನೆಯಲ್ಲಿ ಕಲಿಸಿದ ಪ್ರತಿಯೊಂದಕ್ಕೂ ಬೇರೆ ನಮೂನೆ ತುಂಬಬೇಕು. ಒಂಬತ್ತರಿಂದಲೇ ತುಂಬುತ್ತ ಬನ್ನಿ.

9. ನೆರವಿನ ಪತ್ರ ಓದುವುದು

ವಸಂತದಲ್ಲಿ ಬರುವ ಪತ್ರದಲ್ಲಿ ಎಲ್ಲವನ್ನೂ ಒಟ್ಟು ಹಾಕಿ "ನಿಮ್ಮ ನೆರವು 32,000 ಡಾಲರ್" ಎಂದಿರಬಹುದು. ಬಿಡಿಸಿ ನೋಡಿ: ಗ್ರಾಂಟ್ 24,000, ಸಾಲ 5,500, ಕ್ಯಾಂಪಸ್ ಕೆಲಸ 2,500. ಸಾಲ ತೀರಿಸಬೇಕು, ಕೆಲಸದ ಹಣ ದುಡಿದರೆ ಮಾತ್ರ. ವರ್ಷದ ಖರ್ಚು 62,000 ಆದರೆ ಈ ಕಾಲೇಜಿನ ನಿಜವಾದ ಬೆಲೆ 38,000, 30,000 ಅಲ್ಲ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಬರುತ್ತದೆಯೇ, ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಕೆಲಸ ಹೋಗಿದ್ದರೆ, ಆದಾಯ ಇಳಿದಿದ್ದರೆ ದಾಖಲೆ ಸಮೇತ ನೆರವು ಕಚೇರಿಗೆ ಮರುಪರಿಶೀಲನೆಯ ಮನವಿ ಕೊಡಬಹುದು. ಬಹುತೇಕ ಕಾಲೇಜುಗಳಿಗೆ ಉತ್ತರ ಕೊಡಲು ಮೇ 1 ಕೊನೆಯ ದಿನ. ಅರ್ಲಿ ಡಿಸಿಷನ್, ಅಂದರೆ ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇವೆ ಎಂದು ಮಾತು ಕೊಟ್ಟು ನವೆಂಬರ್‌ನಲ್ಲಿ ಹಾಕುವ ಅರ್ಜಿಯಲ್ಲಿ ಹೀಗೆ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಅವಕಾಶ ಇರುವುದಿಲ್ಲ. ಹಣವೇ ಮುಖ್ಯ ಪ್ರಶ್ನೆಯಾಗಿರುವ ಕುಟುಂಬ ಇದನ್ನು ಯೋಚಿಸಿಯೇ ಹಾಕಬೇಕು.

10. ಜೂನ್

ಕೊನೆಯ ಗ್ರೇಡುಗಳನ್ನು ತುಂಬಿ, ಹೈಸ್ಕೂಲ್ ಮುಗಿದ ದಿನಾಂಕ ಹಾಕಿ, ಸಹಿ ಮಾಡಿದ ಅಂತಿಮ ಟ್ರಾನ್ಸ್‌ಕ್ರಿಪ್ಟನ್ನು ಸೇರುವ ಕಾಲೇಜಿಗೆ ಕಳಿಸಿ. ಕಮ್ಯುನಿಟಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಆ ಕಾಲೇಜಿನಿಂದಲೇ ನೇರವಾಗಿ ಹೋಗಬೇಕು, ಎಪಿ ಅಂಕಗಳು ಕಾಲೇಜ್ ಬೋರ್ಡ್‌ನಿಂದ. ಅಂತಿಮ ಟ್ರಾನ್ಸ್‌ಕ್ರಿಪ್ಟ್‌ನ ಮೂರು ಪ್ರತಿಗಳಿಗೆ ಸಹಿ ಹಾಕಿ ಲಕೋಟೆಯಲ್ಲಿ ಅಂಟಿಸಿ ತೆಗೆದಿಡಿ. ಬೇರೆ ಕಾಲೇಜಿಗೆ ವರ್ಗವಾಗುವಾಗಲೋ ಕೆಲಸಕ್ಕೆ ಸೇರುವಾಗಲೋ ಅದನ್ನು ಮತ್ತೆ ಕೇಳಿದರೆ ಕೊಡಬೇಕಾದ ಶಾಲೆಯ ಕಚೇರಿ ನಿಮ್ಮ ಮನೆಯೇ.